ನೆಲದ ಪಂಚರು, ನೀರಿನ ಪಂಚರು

ವ್ಯಾಜ್ಯ ಹುಟ್ಟಿದರೆ ಕೋರ್ಟಿನ ಮೆಟ್ಟಿಲು ಹತ್ತುವುದು ನಮಗೆ ಈಗ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ನ್ಯಾಯವು ದೊರೆಯುವ ಸ್ಥಳ ಅದೊಂದೇ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ವಕೀಲರು, ವಾಯಿದೆಗಳು, ಸಾಕ್ಷಿಪುರಾವೆಗಳು, ಕೆಳಗಿನ ಕೋರ್ಟು, ಮೇಲಿನ ಕೋರ್ಟು. ಇವೆಲ್ಲ ಸೇರಿ ನ್ಯಾಯವೆಂಬುದರ ಚಿತ್ರ ನಮ್ಮ ಮನಸ್ಸಿನಲ್ಲಿ ರೂಪುಗೊಂಡಿದೆ. ಆದರೆ ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಕೃಷ್ಣಾತೀರದ ಒಕ್ಕಲಿನ ಬಾಳನ್ನು ಬುಡಮಟ್ಟ ಬದಲಿಸಿದ ಎರಡು ತೀರ್ಮಾನಗಳು ಇಂಥ ಕೋರ್ಟಿನಲ್ಲಿ ಹುಟ್ಟಿದವಲ್ಲ. ಒಂದು, ನದಿಯ ನೀರನ್ನು ರಾಜ್ಯಗಳಿಗೆ ಹಂಚಿದ ತೀರ್ಮಾನ. ಇನ್ನೊಂದು, ಉಳುವವನಿಗೆ ಹೊಲವನ್ನು ಒಪ್ಪಿಸಿದ ತೀರ್ಮಾನ. ಎರಡನ್ನೂ ಮಾಡಿದವು ನ್ಯಾಯಮಂಡಲಿಗಳು. ಜನರ ಬಾಯಲ್ಲಿ ಅವು ‘ಟ್ರಿಬ್ಯೂನಲ್’ ಎಂದೇ ಉಳಿದವು. ಈ ಎರಡು ಮಂಡಲಿಗಳನ್ನು ಜೊತೆಯಲ್ಲಿಟ್ಟು ನೋಡಿದರೆ, ಕೋರ್ಟಿನ ಹೊರಗಣ ನ್ಯಾಯದ ಬಲವೂ ಬಲಹೀನತೆಯೂ ಸ್ಪಷ್ಟವಾಗಿ ಕಾಣುತ್ತವೆಂದು ನನ್ನ ಭಾವನೆ.

ನೋಡಲು ಒಂದು ನೆಲೆ ಬೇಕಷ್ಟೆ. ಹಿಪ್ಪರಗಿಯನ್ನು ಆ ನೆಲೆಯಾಗಿ ಇಟ್ಟುಕೊಳ್ಳೋಣ. ಜಮಖಂಡಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಕೃಷ್ಣೆಯ ದಂಡೆಗಿರುವ ಊರು ಇದು. ಮೇಲ್ಗಡೆ ಸಾಂಗಲಿಯ ನಾಡು, ಕೆಳಗಡೆ ಅಲಮಟ್ಟಿಯ ಜಲಾಶಯ, ನಡುವೆ ಹಿಪ್ಪರಗಿಯ ಬ್ಯಾರೇಜು. ಈ ಬ್ಯಾರೇಜಿನಲ್ಲಿ ನಿಂತ ನೀರಿಗಾಗಿ ಅಥಣಿ, ಜಮಖಂಡಿಗಳ ಕಡೆಯ ಹೊಲಗಳು ಕಾದಿರುತ್ತವೆ. ಕೆಳಗೆ ಅಲಮಟ್ಟಿಯ ನೀರು ಏರಿದಂತೆ ದಂಡೆಯ ಹೊಲಗಳು ಅಂಜುತ್ತವೆ. ನೀರಿಗಾಗಿ ಹಂಬಲಿಸುವವನೂ ನೀರಿಗೆ ಹೆದರುವವನೂ ಒಂದೇ ಸೀಮೆಯವರಾಗಿರುವ ಇಂಥ ಸ್ಥಳಗಳು ನಮ್ಮ ನಾಡಿನಲ್ಲಿ ಹೆಚ್ಚಿಲ್ಲ.

ಕೋರ್ಟಿನ ಹೊರಗೆ ನ್ಯಾಯ ಬಗೆಹರಿಸಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಹಿಪ್ಪರಗಿಗೆ ದೂರವಲ್ಲದ ತೇರದಾಳದಲ್ಲಿ ಹನ್ನೆರಡನೆಯ ಶತಮಾನದ ಪ್ರಸಿದ್ಧ ಶಾಸನವೊಂದಿದೆ. ಅಲ್ಲಿಯ ಜಿನಾಲಯಕ್ಕೆ ದತ್ತಿ ಕೊಟ್ಟವರ ಸಂದರ್ಭದಲ್ಲಿ ಅಯ್ಯಾವೊಳೆಯ ಐನೂರ್ವರ ಉಲ್ಲೇಖ ಬರುತ್ತದೆ. ಅಯ್ಯಾವೊಳೆಯೆಂದರೆ ಇಂದಿನ ಐಹೊಳೆ. ಅರಸರ ಗಡಿಗಳನ್ನು ದಾಟಿ ವ್ಯಾಪಾರ ಮಾಡುತ್ತಿದ್ದ ಈ ವರ್ತಕರ ಸಂಘ ತನ್ನದೇ ಆದ ಕಟ್ಟಳೆಯನ್ನು ‘ವೀರಬಣಂಜುಧರ್ಮ’ವೆಂದು ಕರೆದು ಅದನ್ನು ಕಾಪಾಡುವುದೇ ತನ್ನ ಹೆಗ್ಗಳಿಕೆಯೆಂದು ಸಾರಿಕೊಳ್ಳುತ್ತಿತ್ತು. ಹಳ್ಳಿಗಳಲ್ಲಿ ದೈವ ಕೂಡುತ್ತಿತ್ತು. ದೈವವೆಂದರೆ ಇಲ್ಲಿ ದೇವರಲ್ಲ, ಊರ ಹಿರಿಯರು ನೆರೆದ ಸಭೆ. ಮರಾಠರ ಆಳಿಕೆಯಲ್ಲಿ ವತನದ, ಗಡಿಯ, ಪಾಲುಪಸಗೆಯ ಜಗಳಗಳನ್ನು ಪಂಚರು ಕೇಳಿ ಮಹಜರು ಬರೆದುಕೊಡುತ್ತಿದ್ದರು. ಪೇಶ್ವೆಯಿಂದ ಗೆದ್ದ ಪ್ರದೇಶಗಳನ್ನು ಕುರಿತು 1819ರಲ್ಲಿ ವರದಿ ಬರೆದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಸಾಹೇಬನು ಪಂಚಾಯತಿಯೇ ಇಲ್ಲಿಯ ನ್ಯಾಯದ ಮುಖ್ಯ ಸಾಧನವೆಂಬುದನ್ನು ಗುರುತಿಸಿದ. ಅದರ ವಿಳಂಬವನ್ನೂ, ತೀರ್ಪು ನಡೆಸಿಕೊಡುವ ಬಲದ ಕೊರತೆಯನ್ನೂ ಮರೆಮಾಚಲಿಲ್ಲ.

‘ಪಂಚರೆಂದರೆ ಪರಮೇಶ್ವರ’ ಎಂಬ ಮಾತು ಅಂದಿನದು. ಆ ಮಾತಿನ ಹಿಂದಿನ ನಂಬಿಕೆ ಇಷ್ಟೆ: ಹೊಲದ ಬದುವನ್ನು ಕಣ್ಣಾರೆ ಕಂಡವನು ಆ ಬದುವಿನ ಜಗಳವನ್ನು ಚೆನ್ನಾಗಿ ತೀರಿಸಬಲ್ಲ. ಆದರೆ ಬಲ್ಲವನೆಂಬ ಗುಣವೇ ದೋಷವೂ ಆಗುತ್ತಿತ್ತು. ಪಂಚರು ಹೊಲವನ್ನಷ್ಟೇ ಅಲ್ಲ, ಹೊಲದವನ ಜಾತಿಯನ್ನೂ ಬಡತನವನ್ನೂ ಬಲ್ಲವರಾಗಿದ್ದರು. ಕಟ್ಟೆಯ ಮೇಲೆ ಕುಳಿತವರಿಗೂ ಕಟ್ಟೆಯ ಕೆಳಗೆ ನಿಂತವನಿಗೂ ನಡುವೆ ಇದ್ದ ಅಂತರವನ್ನು ಯಾವ ಮಹಜರೂ ಅಳಿಸಲಿಲ್ಲ. ಆಂಗ್ಲರ ಕೋರ್ಟು ಈ ಅಂತರವನ್ನು ಕಾನೂನಿನ ಮಟ್ಟಿಗಾದರೂ ತೊಡೆದುಹಾಕಿತು. ಅದರ ಬದಲಿಗೆ ಕಾಗದಪತ್ರಗಳ ಹೊಸ ಅಂತರವನ್ನು ತಂದಿಟ್ಟಿತು. ಬಾಯಿಮಾತಿನ ಮೇಲೆ ಬದುಕಿದವನು ಅಲ್ಲಿ ಸೋತ. ಈ ತೊಡಕನ್ನು ಸರಕಾರವೂ ಕಂಡುಕೊಂಡಿತ್ತೆಂಬುದಕ್ಕೆ ಮುಂಬಯಿ ಪ್ರಾಂತದ 1906ರ ಮಾಮಲೇದಾರರ ಕೋರ್ಟುಗಳ ಕಾಯಿದೆ ಸಾಕ್ಷಿ. ಹೊಲದ ಕಬ್ಜೆ ಕಸಿದುಕೊಂಡರೆ, ಹರಿಯುವ ನೀರಿಗೆ ಅಡ್ಡಗಟ್ಟಿದರೆ, ಆರು ತಿಂಗಳೊಳಗೆ ಮಾಮಲೇದಾರರ ಮುಂದೆ ಹೋಗಬಹುದಾಗಿತ್ತು. ದಿವಾಣಿ ಕೋರ್ಟಿನ ದೀರ್ಘ ಸಂಪ್ರದಾಯವಿಲ್ಲದೆ ಒಬ್ಬ ಕಂದಾಯದ ಅಧಿಕಾರಿ ಚಟ್ಟನೆ ತೀರ್ಪು ಕೊಡುವ ಏರ್ಪಾಡು ಅದು. ಮುಂದೆ ಬಂದ ಮಂಡಲಿಗಳ ಬೀಜ ಇಲ್ಲಿಯೇ ಇದೆಯೆಂದರೆ ತಪ್ಪಾಗದು.

ಇನ್ನು ನೀರಿನ ಮಾತಿಗೆ ಬರೋಣ. ನಮ್ಮ ಸಂವಿಧಾನದ 262ನೆಯ ಅನುಚ್ಛೇದ ಒಂದು ಅಪೂರ್ವವಾದ ಮಾತನ್ನು ಹೇಳುತ್ತದೆ. ಅಂತರರಾಜ್ಯ ನದಿಗಳ ನೀರಿನ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೂ ಅಧಿಕಾರವಿಲ್ಲವೆಂದು ಸಂಸತ್ತು ಶಾಸನ ಮಾಡಬಹುದು ಎಂಬುದೇ ಆ ಮಾತು. 1956ರ ಅಂತರರಾಜ್ಯ ಜಲವಿವಾದ ಕಾಯಿದೆ ಹಾಗೆಯೇ ಮಾಡಿತು. ಏಕೆ? ಕೋರ್ಟು ನೋಡುವುದು ಹಿಂದಕ್ಕೆ: ಯಾರದು ಹಕ್ಕು, ಯಾರದು ತಪ್ಪು, ಆದ ನಷ್ಟವೆಷ್ಟು. ನೀರಿನ ಹಂಚಿಕೆ ನೋಡಬೇಕಾದದ್ದು ಮುಂದಕ್ಕೆ: ಬಾರದ ಮಳೆ, ಕಟ್ಟದ ಅಣೆಕಟ್ಟು, ಬಿತ್ತದ ಬೆಳೆ. ಇಲ್ಲಿ ಗೆದ್ದವರು ಸೋತವರು ಎಂಬುದಿರಬಾರದು, ಪಾಲು ಎಂಬುದಿರಬೇಕು. ಆದ್ದರಿಂದ ಭಾರತದ ಮುಖ್ಯ ನ್ಯಾಯಮೂರ್ತಿಗಳು ಹೆಸರಿಸಿದ ಮೂವರು ನ್ಯಾಯಾಧೀಶರು, ಅವರಿಗೆ ನೆರವಾಗಲು ತಜ್ಞರು, ಹೀಗೆ ಒಂದು ಮಂಡಲಿಯನ್ನು ಆಯಾ ನದಿಗಾಗಿಯೇ ರಚಿಸುವುದು ಈ ಕಾಯಿದೆಯ ಮಾರ್ಗ.

ಕೃಷ್ಣೆಯ ಜಗಳಕ್ಕೆ ಅದಕ್ಕೂ ಹಿಂದಿನ ಚರಿತ್ರೆಯಿದೆ. 1951ರ ಜುಲೈ ತಿಂಗಳಲ್ಲಿ ಯೋಜನಾ ಆಯೋಗವು ಕರೆದ ಸಭೆಯಲ್ಲಿ ಒಂದು ಹಂಚಿಕೆ ಸಿದ್ಧವಾಯಿತು. ಮೈಸೂರು ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಜಮಖಂಡಿ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿತ್ತು. ಆದ್ದರಿಂದ 1951ರ ಸಭೆಯಲ್ಲಿ ಈ ಸೀಮೆಯ ಪರವಾಗಿ ಮಾತನಾಡಬೇಕಾದದ್ದು ಮುಂಬಯಿ ಸರಕಾರ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಬದಲಾಯಿತು; ಅಂದಿನಿಂದ ಇದೇ ಹೊಲಗಳ ಪರವಾಗಿ ಮೈಸೂರು ಸರಕಾರ ವಾದಿಸತೊಡಗಿತು, ಮುಂಬಯಿಯ ಉತ್ತರಾಧಿಕಾರಿಯಾದ ಮಹಾರಾಷ್ಟ್ರ ಎದುರುಪಕ್ಷವಾಯಿತು. ಹೊಲ ಕದಲಲಿಲ್ಲ, ನದಿ ಕದಲಲಿಲ್ಲ. ವಕಾಲತ್ತು ವಹಿಸಿದವರು ಬದಲಾದರು.

1963ರ ಮಾರ್ಚಿಯಲ್ಲಿ ಕೇಂದ್ರ ಸಚಿವರು ಲೋಕಸಭೆಯಲ್ಲಿ ಮಹಾರಾಷ್ಟ್ರಕ್ಕೆ 400, ಮೈಸೂರಿಗೆ 600, ಆಂಧ್ರಪ್ರದೇಶಕ್ಕೆ 800 ಟಿಎಂಸಿ ಎಂದು ತಾತ್ಪೂರ್ತಿಕ ಹಂಚಿಕೆಯೊಂದನ್ನು ಸಾರಿದರು. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ ನೀರು. ಇದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಕೊನೆಗೆ 1969ರ ಏಪ್ರಿಲ್ 10ರಂದು ನ್ಯಾಯಮೂರ್ತಿ ಆರ್. ಎಸ್. ಬಚಾವತರ ಅಧ್ಯಕ್ಷತೆಯಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಲಿ ರಚನೆಯಾಯಿತು.

ಮಂಡಲಿ ಮೊದಲು ಕೇಳಿದ ಪ್ರಶ್ನೆ ಹಕ್ಕಿನದಲ್ಲ, ಲೆಕ್ಕದ್ದು: ನದಿಯಲ್ಲಿ ನೀರೆಷ್ಟು? ವಿಜಯವಾಡದ ಬಳಿಯ ಹರಿವನ್ನು ಆಧಾರವಾಗಿಟ್ಟುಕೊಂಡು 1894-95ರಿಂದ 78 ವರ್ಷಗಳ ಲೆಕ್ಕ ತೆಗೆಯಲಾಯಿತು. ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ನೆಚ್ಚಬಹುದಾದ ನೀರು 2,060 ಟಿಎಂಸಿ ಎಂದು ನಿಶ್ಚಯವಾಯಿತು. 1973ರ ಡಿಸೆಂಬರ್ 24ರಂದು ಐತೀರ್ಪು ಹೊರಬಿತ್ತು: ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800. ಹೊಲಗಳಿಂದ ಬಸಿದು ಮತ್ತೆ ನದಿ ಸೇರುವ ನೀರನ್ನೂ ಲೆಕ್ಕಕ್ಕೆ ಹಿಡಿದು ಕರ್ನಾಟಕಕ್ಕೆ ಇನ್ನು 34 ಟಿಎಂಸಿಯವರೆಗೆ ದೊರೆಯುವಂತಾಯಿತು. ರಾಜ್ಯಗಳು ಕೇಳಿದ ಸ್ಪಷ್ಟೀಕರಣಗಳಿಗೆ ಉತ್ತರವಾಗಿ 1976ರ ಮೇ 27ರಂದು ಮುಂದಿನ ವರದಿ ಬಂತು. ಅದೇ ತಿಂಗಳ 31ರಂದು ಅದು ಗೆಜೆಟ್ಟಿನಲ್ಲಿ ಪ್ರಕಟವಾಗಿ ರಾಜ್ಯಗಳನ್ನು ಕಟ್ಟಿಹಾಕಿತು. 2000ದ ಮೇ 31ರ ತರುವಾಯ ಇದನ್ನು ಮರುಪರಿಶೀಲಿಸಬಹುದೆಂಬ ಬಾಗಿಲನ್ನೂ ಮಂಡಲಿಯೇ ತೆರೆದಿಟ್ಟಿತು. ತನ್ನ ತೀರ್ಪಿಗೆ ತಾನೇ ವಯಸ್ಸು ಗೊತ್ತುಮಾಡುವುದು ಕೋರ್ಟುಗಳ ಪದ್ಧತಿಯಲ್ಲ. ಮಂಡಲಿಯ ವಿವೇಕ ಇಲ್ಲಿ ಎದ್ದುಕಾಣುತ್ತದೆ.

ಕೊರಗೂ ಉಳಿಯಿತು. 1960ರ ಸೆಪ್ಟೆಂಬರಿನವರೆಗೆ ನಡೆಯುತ್ತಿದ್ದ ಇಲ್ಲವೆ ಪರಿಶೀಲನೆಯಲ್ಲಿದ್ದ ಯೋಜನೆಗಳಿಗೆ ಮೊದಲ ಮನ್ನಣೆ ಎಂಬ ಸೂತ್ರವನ್ನು ಮಂಡಲಿ ಹಿಡಿಯಿತು. ಮೊದಲು ಕಟ್ಟಿದವನಿಗೆ ಇದರಿಂದ ಭದ್ರತೆ ದೊರಕಿತು. ತಡವಾಗಿ ಎಚ್ಚತ್ತ ಬಯಲುಸೀಮೆ ಹಿಂದೆ ಬಿತ್ತು. ನೆಚ್ಚಿಗೆಯ ನೀರಿಗಿಂತ ಹೆಚ್ಚು ಬಂದುದನ್ನು ಹಂಚಲು, ಮೂರು ರಾಜ್ಯಗಳ ಮೇಲೆ ಒಂದು ಪ್ರಾಧಿಕಾರವಿರಬೇಕೆಂದು ‘ಬಿ’ ಯೋಜನೆಯೊಂದನ್ನು ಮಂಡಲಿ ರೂಪಿಸಿತ್ತು. ರಾಜ್ಯಗಳ ಒಮ್ಮತವಿಲ್ಲದೆ ಅದು ಅಂತಿಮ ಆದೇಶದೊಳಗೆ ಸೇರಲಿಲ್ಲ. ಹೆಚ್ಚುವರಿ ನೀರನ್ನು ಆಂಧ್ರಪ್ರದೇಶ ಬಳಸಬಹುದು, ಆದರೆ ಅದರ ಮೇಲೆ ಹಕ್ಕು ಹುಟ್ಟದು ಎಂಬ ವ್ಯವಸ್ಥೆ ಉಳಿಯಿತು. ಬಳಕೆಯುಂಟು, ಹಕ್ಕಿಲ್ಲ ಎಂಬ ಮಾತು ಹೊಲದ ಮಟ್ಟಿಗೆ ಎಷ್ಟು ದಿನ ನಿಲ್ಲಬಲ್ಲುದೆಂಬುದು ಒಕ್ಕಲುತನ ಬಲ್ಲವರಿಗೆ ತಿಳಿದ ವಿಷಯ.

ಈ ಇಡೀ ವಿಚಾರಣೆಯಲ್ಲಿ ಹಿಪ್ಪರಗಿಯ ರೈತನು ಎಲ್ಲಿದ್ದ? ಕಾಯಿದೆಯ ಪ್ರಕಾರ ಅವನು ಪಕ್ಷಗಾರನೇ ಅಲ್ಲ. ದೂರು ಕೊಡುವುದು ರಾಜ್ಯ, ಉತ್ತರಿಸುವುದು ರಾಜ್ಯ. ಸಾವಿರಾರು ಪುಟಗಳ ದಾಖಲೆಯಲ್ಲಿ ಅವನು ಎಕರೆಯಾಗಿ, ಟಿಎಂಸಿಯಾಗಿ, ಬೆಳೆಯಾಗಿ ಬರುತ್ತಾನಲ್ಲದೆ ಮನುಷ್ಯನಾಗಿ ಬರುವುದಿಲ್ಲ. ನೂರಾರು ಹರದಾರಿಗಳ ನದಿಯನ್ನು ಹಂಚುವಾಗ ಪ್ರತಿಯೊಬ್ಬನನ್ನು ಕೇಳುವುದು ಅಸಾಧ್ಯ, ನಿಜ. ಆದರೂ ತನ್ನ ಪರವಾಗಿ ಮಾತನಾಡಿದವನು ತನ್ನ ಮಾತನ್ನೇ ಆಡಿದನೆ ಎಂದು ಕೇಳುವ ಹಕ್ಕು ಅವನಿಗುಂಟಲ್ಲವೆ?

ಬಚಾವತ್ ಐತೀರ್ಪು ಹೊರಬಿದ್ದ ಎರಡೇ ತಿಂಗಳಿಗೆ ಇನ್ನೊಂದು ಬಗೆಯ ಮಂಡಲಿಗೆ ದಾರಿ ತೆರೆಯಿತು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರಕಾರ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರಕಾರದ ವಶವಾದಂತೆ; ಉಳುತ್ತಿದ್ದವನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ ತನ್ನ ಹಕ್ಕನ್ನು ಕೇಳಿಕೊಳ್ಳಬೇಕು. ಆ ಅರ್ಜಿಯನ್ನು ತೀರ್ಮಾನಿಸುವುದು ಭೂ ನ್ಯಾಯಮಂಡಲಿ. ಸಹಾಯಕ ಕಮಿಶನರರು ಅಧ್ಯಕ್ಷರು, ಸರಕಾರ ಹೆಸರಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು, ತಹಶೀಲದಾರರು ಕಾರ್ಯದರ್ಶಿ. ಒಬ್ಬನು ಗೇಣಿದಾರನೆ ಅಲ್ಲವೆ ಎಂಬ ಪ್ರಶ್ನೆ ದಿವಾಣಿ ಕೋರ್ಟಿನಲ್ಲಿ ಎದ್ದರೂ ಅದನ್ನು ಮಂಡಲಿಗೇ ಕಳಿಸಬೇಕು. ವಕೀಲರಿಗೆ ಪ್ರವೇಶವಿಲ್ಲ. ಮಂಡಲಿಯ ಮಾತೇ ಕೊನೆಯ ಮಾತು.

ಕಟ್ಟೆಯ ಕೆಳಗೆ ನಿಂತವನ ಜಾತಿಯವನೊಬ್ಬ ಕಟ್ಟೆಯ ಮೇಲೆ ಕುಳಿತದ್ದು ಇದರ ಮೊದಲ ವಿಶೇಷ. ಹಳೆಯ ಪಂಚಾಯತಿಯ ಬಲ್ಲವಿಕೆಯನ್ನು ಉಳಿಸಿಕೊಂಡು ಅದರ ಪಕ್ಷಪಾತವನ್ನು ಕಳೆಯುವ ಪ್ರಯತ್ನವೆಂದು ಇದನ್ನು ಕರೆಯಬಹುದು. ಆ ದಿನಗಳಲ್ಲಿ ನಮ್ಮ ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿ ಇಂಥ ವಿಚಾರಣೆಯೊಂದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದುಂಟು. ಕೋರಿನಿಂದ ಹೊಲ ಮಾಡಿಕೊಂಡಿದ್ದ ಮುದುಕನೊಬ್ಬ ಬಂದಿದ್ದ. ಉತಾರದಲ್ಲಿ ಅವನ ಹೆಸರಿಲ್ಲ. “ಏನಪ್ಪಾ, ನೀ ಉಳತೀದಿ ಅನ್ನಾಕ ಏನೈತಿ?” ಎಂದು ಸದಸ್ಯರೊಬ್ಬರು ಕೇಳಿದರು. “ಕಾಗದಾ ಏನೂ ಇಲ್ರೀ. ಹೊಲದ ಗುರ್ತು ಹೇಳತೀನಿ,” ಎಂದು ಮುದುಕ ಹೇಳತೊಡಗಿದ. ಮೂಡಣ ಮೂಲೆಯಲ್ಲಿ ಮಳೆ ಹೆಚ್ಚಾದರೆ ನೀರು ನಿಲ್ಲುತ್ತದೆ, ಅಲ್ಲಿ ಜೋಳ ಕೆಂಪಾಗುತ್ತದೆ. ಬನ್ನಿಗಿಡದ ಕೆಳಗೆ ಕುಂಟೆಗೆ ಕಲ್ಲು ಸಿಗುತ್ತದೆ. ಇಂಥ ವರ್ಷ ಒಡ್ಡು ಒಡೆದಾಗ ತಾನೂ ತನ್ನ ಮಗನೂ ಮಣ್ಣು ಹೊತ್ತು ಹಾಕಿದೆವು. ಎದುರು ನಿಂತ ಭೂಮಾಲೀಕರನ್ನು ಅಧ್ಯಕ್ಷರು ಬನ್ನಿಗಿಡ ಯಾವ ದಿಕ್ಕಿಗಿದೆಯೆಂದು ಕೇಳಿದರು. ಅವರು ಉತ್ತರ ಕೊಡಲು ತಡವರಿಸಿದರು. ಆ ಪ್ರಕರಣ ಮುಂದೆ ಏನಾಯಿತೆಂಬುದಕ್ಕಿಂತ, ಹೊಲದ ಅರಿವೇ ಸಾಕ್ಷಿಯಾಗಿ ಸರಕಾರಿ ಕಡತವನ್ನು ಹೊಕ್ಕ ಆ ಗಳಿಗೆ ನನಗೆ ಮುಖ್ಯವಾಗಿ ತೋರುತ್ತದೆ.

ಆದರೆ ಈ ಮಂಡಲಿಗಳ ಚರಿತ್ರೆಯೆಲ್ಲ ಇಷ್ಟು ಸುಂದರವಲ್ಲ. ಅರ್ಜಿ ಸಲ್ಲಿಸುವ ಅವಧಿ ಮುಂದೆ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ ಬಂದ ಅರ್ಜಿಗಳು ಎಂಟು ಲಕ್ಷಕ್ಕೂ ಮಿಕ್ಕವು. ಅವು ದಟ್ಟವಾಗಿ ಬಂದದ್ದು ಕರಾವಳಿ, ಮಲೆನಾಡುಗಳಿಂದ. ಬಾಯಿಮಾತಿನ ಕೋರು, ಲಾವಣಿಗಳು ಹೆಚ್ಚಾಗಿದ್ದ ನಮ್ಮ ಬಯಲುಸೀಮೆಯಲ್ಲಿ ಒಡೆಯನ ಮುಲಾಜಿಗೆ ಬಿದ್ದೋ ಹೆದರಿಯೋ ಅರ್ಜಿಯನ್ನೇ ಹಾಕದವರಿದ್ದರು. ಸದಸ್ಯರ ನೇಮಕದಲ್ಲಿ ರಾಜಕೀಯ ಬೆರೆಯಿತು. ಒಂದೇ ದಿನ ಹತ್ತಾರು ಪ್ರಕರಣಗಳನ್ನು ಮುಗಿಸುವ ಅವಸರದಲ್ಲಿ ಕಾರಣ ಬರೆಯದೆ ತೀರ್ಪು ಕೊಟ್ಟದ್ದೂ ಉಂಟು. ಅಂಥ ತೀರ್ಪುಗಳನ್ನು ಉಚ್ಚ ನ್ಯಾಯಾಲಯವು ರಿಟ್ ಅರ್ಜಿಗಳಲ್ಲಿ ರದ್ದುಮಾಡಿ ಮತ್ತೆ ವಿಚಾರಿಸಿರೆಂದು ಹಿಂದಕ್ಕೆ ಕಳಿಸಿತು. ಮುಗಿಯಿತೆಂದು ಮನೆಗೆ ಹೋದವನು ಮತ್ತೆ ಕಚೇರಿಯ ಬಾಗಿಲಿಗೆ ಬಂದ. 1986ರಲ್ಲಿ ಮೇಲ್ಮನವಿ ಪ್ರಾಧಿಕಾರಗಳು ಬಂದವು. 1990ರಲ್ಲಿ ಅವೂ ರದ್ದಾದವು. ವಕೀಲರ ಮೇಲಿನ ನಿಷೇಧ ಸಲ್ಲದೆಂದು 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೀಗೆ ಕೋರ್ಟಿನ ಹೊರಗೆ ಹುಟ್ಟಿದ ಮಂಡಲಿ ಮೆಲ್ಲಮೆಲ್ಲನೆ ಕೋರ್ಟಿನ ಅಂಗಳಕ್ಕೇ ಬಂದು ಸೇರಿತು. ಇಷ್ಟಾದರೂ ಸಲ್ಲಿಸಿದ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಉಳುವವನ ಪರವಾಗಿ ತೀರ್ಮಾನವಾದವೆಂಬುದನ್ನು ಮರೆಯಬಾರದು. ದಿವಾಣಿ ಕೋರ್ಟುಗಳಿಗೇ ಈ ಕೆಲಸ ಬಿಟ್ಟಿದ್ದರೆ ಎಷ್ಟು ತಲೆಮಾರು ಬೇಕಾಗುತ್ತಿತ್ತೋ ಹೇಳಲಾಗದು.

ನೀರಿನ ಮಂಡಲಿಯ ಕಥೆಯೂ ಇದೇ ತಿರುವನ್ನು ಪಡೆಯಿತು. ಅಲಮಟ್ಟಿಯ ಎತ್ತರದ ಜಗಳ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2000ದ ಏಪ್ರಿಲ್ 25ರ ತೀರ್ಪು ಸದ್ಯಕ್ಕೆ 519.6 ಮೀಟರಿನವರೆಗೆ ನೀರು ನಿಲ್ಲಿಸಲು ಅವಕಾಶ ಕೊಟ್ಟಿತು. 2004ರಲ್ಲಿ ನ್ಯಾಯಮೂರ್ತಿ ಬ್ರಿಜೇಶ ಕುಮಾರರ ಅಧ್ಯಕ್ಷತೆಯಲ್ಲಿ ಎರಡನೆಯ ಮಂಡಲಿ ಬಂತು. ಈ ಮಂಡಲಿ 47 ವರ್ಷಗಳ ಲೆಕ್ಕವನ್ನು ಹಿಡಿದು, ನೂರರಲ್ಲಿ 65 ವರ್ಷ ನೆಚ್ಚಬಹುದಾದ ನೀರು 2,293 ಟಿಎಂಸಿ, ಸರಾಸರಿ 2,578 ಟಿಎಂಸಿ ಎಂದು ಕಂಡು, ಹೆಚ್ಚುವರಿಯನ್ನೂ ಹಂಚಿತು. 2010ರ ಡಿಸೆಂಬರ್ 30ರ ತೀರ್ಮಾನದಲ್ಲಿ ಕರ್ನಾಟಕದ ಪಾಲು ಒಟ್ಟು 911 ಟಿಎಂಸಿ; 2013ರ ನವೆಂಬರಿನ ಮುಂದಿನ ವರದಿಯಲ್ಲಿ 907. ಜಲಾಶಯ ಎತ್ತರವಾದರೆ ಸಾಂಗಲಿ, ಕೊಲ್ಹಾಪುರಗಳ ಕಡೆ ಮುಳುಗಡೆಯಾಗುವುದೆಂಬ ಮಹಾರಾಷ್ಟ್ರದ ಆಕ್ಷೇಪಣೆಯನ್ನು ಮನ್ನಿಸದೆ, ಅಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು.

ಒಪ್ಪಿಗೆ ಬಂತು, ಜಾರಿ ಬರಲಿಲ್ಲ. ಮಂಡಲಿಯ ತೀರ್ಮಾನ ಗೆಜೆಟ್ಟಿನಲ್ಲಿ ಪ್ರಕಟವಾದ ಮೇಲಷ್ಟೇ ರಾಜ್ಯಗಳನ್ನು ಬಂಧಿಸುತ್ತದೆ. 2002ರ ತಿದ್ದುಪಡಿ ಅದಕ್ಕೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯ ಬಲವನ್ನೇ ಕೊಟ್ಟಿದೆ. ಆದರೆ ಆಂಧ್ರಪ್ರದೇಶದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2011ರ ಸೆಪ್ಟೆಂಬರ್ 16ರಂದು ಪ್ರಕಟಣೆಗೆ ತಡೆ ಹಾಕಿತು. ದಶಕ ಉರುಳಿದರೂ ಆ ತಡೆ ತೆರವಾಗಲಿಲ್ಲ. ನಡುವೆ 2014ರಲ್ಲಿ ತೆಲಂಗಾಣ ಹುಟ್ಟಿತು. ಹೊಸ ಹಂಚಿಕೆ ತೆಲಂಗಾಣ, ಆಂಧ್ರಗಳ ನಡುವೆಯಷ್ಟೇ ಎಂದು ಮಂಡಲಿ 2016ರಲ್ಲಿ ನಿರ್ಧರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾವೇರಿಯ ಪ್ರಕರಣದಲ್ಲಿ, ಮಂಡಲಿಗಳ ಐತೀರ್ಪಿನ ಮೇಲೆ ಮೇಲ್ಮನವಿ ಕೇಳುವ ಅಧಿಕಾರ ತನಗಿದೆಯೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. 2018ರ ಫೆಬ್ರುವರಿಯಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಸಿ ಹಂಚಿಕೆಯನ್ನೇ ತಿದ್ದಿತು. ನಮಗೆ ಅನುಕೂಲವಾದಾಗ ಮೇಲ್ಮನವಿ ಒಳ್ಳೆಯದು, ಪ್ರತಿಕೂಲವಾದಾಗ ಮಂಡಲಿಯ ಮಾತೇ ಕೊನೆಯದು ಎನ್ನುವುದು ನ್ಯಾಯವಾಗಲಾರದು. ಕೋರ್ಟಿನ ಮೇಲ್ನೋಟ ಬೇಕು. ಆದರೆ ಆ ಮೇಲ್ನೋಟಕ್ಕೆ ಕಾಲದ ಮಿತಿ ಇಲ್ಲದೆಹೋದರೆ ಮಂಡಲಿಯೆಂಬ ಏರ್ಪಾಡಿಗೆ ಅರ್ಥವುಳಿಯದು.

ಈ ಕಾಲದ ಹೊರೆಯನ್ನು ಹೊರುವವರು ಯಾರು? ಅಲಮಟ್ಟಿ 524.256 ಮೀಟರಿಗೆ ಏರಿದರೆ ಮುಳುಗುವ ಹೊಲಗಳವರು. ಸುಮಾರು 75 ಸಾವಿರ ಎಕರೆಯ ಮಾತು ಅದು. ತನ್ನ ಹೊಲ ಮುಳುಗುವುದೋ ಉಳಿಯುವುದೋ ಗೊತ್ತಿಲ್ಲದವನು ಬಾವಿ ತೋಡಲಾರ, ಮನೆ ಕಟ್ಟಲಾರ, ಹೊಲ ಮಾರಲೂ ಆರ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು ತೀರ್ಮಾನಿಸಿತು. ಹಿಂದಿನ ಹಂತಗಳಲ್ಲಿ ಭೂಮಿ ಕಳೆದುಕೊಂಡವರು ಪರಿಹಾರ ಸಾಲದೆಂದು ಕೋರ್ಟಿನಿಂದ ಕೋರ್ಟಿಗೆ ಅಲೆದ ಚರಿತ್ರೆ ಈ ಸೀಮೆಯ ಪ್ರತಿಯೊಂದು ಮನೆಗೂ ಗೊತ್ತಿದೆ. ವಿಚಿತ್ರವೆಂದರೆ ಇವರಲ್ಲಿ ಎಷ್ಟೋ ಮಂದಿಯ ಹಿರಿಯರು 1974ರ ಬಳಿಕ ಭೂ ನ್ಯಾಯಮಂಡಲಿಯಿಂದಲೇ ಹೊಲ ಪಡೆದವರು. ಒಂದು ಮಂಡಲಿ ಕೊಟ್ಟ ನೆಲವನ್ನು ಇನ್ನೊಂದು ಮಂಡಲಿ ಒಪ್ಪಿದ ನೀರು ನುಂಗಲಿದೆ.

ಇದನ್ನೆಲ್ಲ ಹೇಳಿ ನಾನು ಮಂಡಲಿಗಳೇ ಬೇಡವೆಂದು ವಾದಿಸುತ್ತಿಲ್ಲ. ನದಿಯನ್ನು ಹಂಚುವ ಕೆಲಸ ಸಾಮಾನ್ಯ ಕೋರ್ಟಿನದಲ್ಲ. ಕಾಗದವಿಲ್ಲದವನ ಹಕ್ಕನ್ನು ಗುರುತಿಸುವ ಕೆಲಸವೂ ಅದಕ್ಕೆ ಸುಲಭವಲ್ಲ. ಆದರೆ ಒಂದು ಮಂಡಲಿಯ ಬೆಲೆಯನ್ನು ಕಟ್ಟುವಾಗ ಎರಡು ಪ್ರಶ್ನೆಗಳನ್ನು ಕೇಳಬೇಕು. ತೀರ್ಪಿನ ಫಲವನ್ನು ಉಣ್ಣುವವನಿಗೆ ಅಲ್ಲಿ ಬಾಯಿ ಇತ್ತೆ? ಕೊಟ್ಟ ಮಾತು ಅವನ ಜೀವಿತಕಾಲದಲ್ಲಿ ಅವನ ಹೊಲವನ್ನು ಮುಟ್ಟಿತೆ? ನೆಲದ ಮಂಡಲಿ ಮೊದಲನೆಯ ಪ್ರಶ್ನೆಗೆ ಹೌದೆಂದಿತು, ಎರಡನೆಯದಕ್ಕೆ ಕೆಲವರ ಮಟ್ಟಿಗೆ ಮಾತ್ರ ಹೌದೆಂದಿತು. ನೀರಿನ ಮೊದಲ ಮಂಡಲಿ ಏಳು ವರ್ಷಗಳಲ್ಲಿ ಗೆಜೆಟ್ಟಿನವರೆಗೆ ತಲುಪಿತು, ಆದರೆ ರೈತನನ್ನು ಕೇಳಲಿಲ್ಲ. ಎರಡನೆಯದು ಅವನನ್ನು ಕೇಳಲೂ ಇಲ್ಲ, ಅವನವರೆಗೆ ತಲುಪಲೂ ಇಲ್ಲ.

ನೀರಿನ ವಿವಾದಗಳಿಗೆ ಒಂದೇ ಶಾಶ್ವತ ಮಂಡಲಿಯಿರಲೆಂಬ ಮಸೂದೆ 2019ರಲ್ಲಿ ಲೋಕಸಭೆಯ ಅಂಗೀಕಾರವನ್ನು ಪಡೆಯಿತು. ಮಂಡಲಿ ಒಂದಾಗಲಿ, ಹಲವಾಗಲಿ. ಮುಳುಗುವ ಊರಿನವರೂ ನೀರು ಕಾಯುವ ಊರಿನವರೂ ಬಂದು ನಾಲ್ಕು ಮಾತು ಹೇಳಲು ಅದರ ಕಲಾಪದಲ್ಲಿ ಒಂದೆರಡು ದಿನವನ್ನಾದರೂ ಮೀಸಲಿಡಬಾರದೇಕೆ? ಬನ್ನಿಗಿಡ ಯಾವ ದಿಕ್ಕಿಗಿದೆಯೆಂಬುದನ್ನು ಎಪ್ಪತ್ತರ ದಶಕದ ತಾಲ್ಲೂಕು ಕಚೇರಿ ಕೇಳಬಲ್ಲುದಾದರೆ, ದಿಲ್ಲಿಯ ಮಂಡಲಿಗೂ ಅದು ಅಸಾಧ್ಯವಾಗಲಾರದು.